ಹದಿಮೂರು ವಾರಗಳ ಓಲೆ

ಬಾನುಲಿಯಲ್ಲಿ ಆಡಿದ ಮಾತಿನ ಆಯುಸ್ಸು ಬಹಳ ಕಡಿಮೆ. ಗ್ರಂಥಕರ್ತನ ಮಾತು ಕಪಾಟಿನಲ್ಲಿ ನಿಲ್ಲುತ್ತದೆ. ಪತ್ರಿಕೆಯ ಮಾತು ರದ್ದಿಯಾಗುವ ಮುನ್ನ ಒಂದು ದಿನವಾದರೂ ಮೇಜಿನ ಮೇಲಿರುತ್ತದೆ. ಬಾನುಲಿಯ ಭಾಷಣವಾದರೋ 15 ನಿಮಿಷ ಮನೆಯಲ್ಲಿದ್ದು, ಕಾಫಿಯ ಲೋಟ ತೊಳೆದಿಡುವಷ್ಟರಲ್ಲಿ ಗಾಳಿಗೆ ಸೇರಿಬಿಡುತ್ತದೆ. ಇಂಥ ಕ್ಷಣಿಕವಾದ ಮಾತನ್ನೇ ನಂಬಿ, ವಾರಕ್ಕೊಂದರಂತೆ ಸುಮಾರು 58 ವರ್ಷ ಕಾಲ ಕಡಲಿನಾಚೆಯಿಂದ ಓಲೆ ಕಳುಹಿಸಿದ ಮಹನೀಯರೊಬ್ಬರ ಚರಿತ್ರೆಯನ್ನು ವಾಚಕರ ಮುಂದಿಡಬೇಕೆಂದು ನನ್ನ ಆಸೆ. ಅವರೇ ಬಿ. ಬಿ. ಸಿ. ಬಾನುಲಿಯ ಆಲಿಸ್ಟೇರ್ ಕುಕ್. ಅವರ ಭಾಷಣಮಾಲೆಯ ಹೆಸರು ‘ಲೆಟರ್ ಫ್ರಂ ಅಮೆರಿಕ’, ಎಂದರೆ ಅಮೆರಿಕದಿಂದ ಬಂದ ಓಲೆ.

ಈ ಹೆಸರು ನನ್ನ ಕಿವಿಗೆ ಮೊದಲು ಬಿದ್ದದ್ದು 1984–85ರ ಸುಮಾರಿನಲ್ಲಿ, ನಾನು ಹೈಸ್ಕೂಲಿನ ವಿದ್ಯಾರ್ಥಿಯಾಗಿದ್ದಾಗ. ಅಂಚೆ ಕಛೇರಿಯಲ್ಲಿ ಗುಮಾಸ್ತರಾಗಿದ್ದ ನಮ್ಮ ಸೋದರಮಾವನವರಿಗೆ ಷಾರ್ಟ್‌ವೇವ್ ಕೇಳುವ ಹವ್ಯಾಸ. ರಾತ್ರಿ ಊಟವಾದ ಮೇಲೆ ಪಡಸಾಲೆಯ ಗೂಡಿನಲ್ಲಿದ್ದ ರೇಡಿಯೋದ ಮುಂದೆ ಕುಳಿತು, ತುಂಟ ಹುಡುಗನ ಕಿವಿ ಹಿಂಡುವಂತೆ ಅದರ ಗುಂಡಿಯನ್ನು ತಿರುವುತ್ತ ಲಂಡನ್ನನ್ನು ಹುಡುಕುತ್ತಿದ್ದರು. ಕರಕರ ಸದ್ದಿನ ನಡುವೆ ಒಬ್ಬ ವೃದ್ಧರ ಧ್ವನಿ ಒಮ್ಮೆ ಹತ್ತಿರ ಬರುವುದು, ಒಮ್ಮೆ ದೂರ ಸರಿಯುವುದು. ಆ ಇಂಗ್ಲಿಷಿನಲ್ಲಿ ನನಗೆ ನಾಲ್ಕರಲ್ಲಿ ಒಂದು ಮಾತೂ ತಿಳಿಯುತ್ತಿರಲಿಲ್ಲ. ಆದರೂ ಒಂದು ಸಂಗತಿ ಮಾತ್ರ ಚೆನ್ನಾಗಿ ತಿಳಿಯುತ್ತಿತ್ತು: ಆ ಮನುಷ್ಯರು ಭಾಷಣ ಮಾಡುತ್ತಿಲ್ಲ, ಯಾರೋ ಒಬ್ಬರ ಹತ್ತಿರ ಮಾತಾಡುತ್ತಿದ್ದಾರೆ. ಮರುದಿನ ಮಾವನವರು ಆ ಓಲೆಯ ಸಾರವನ್ನು ನಮ್ಮ ಮನೆಯ ಕನ್ನಡದಲ್ಲಿ ಮಕ್ಕಳಿಗೆ ಹೇಳುತ್ತಿದ್ದರು. ಅವರ ಬಾಯಲ್ಲಿ ನ್ಯೂಯಾರ್ಕು ಕೂಡ ನಮ್ಮ ಪಕ್ಕದ ತಾಲ್ಲೂಕಿನ ಊರಿನಂತೆ ಕೇಳಿಸುತ್ತಿತ್ತು.

ಕುಕ್ ಅವರು ಹುಟ್ಟಿದ್ದು 1908ನೆಯ ಇಸವಿ ನವೆಂಬರ್ 20ರಂದು, ಇಂಗ್ಲೆಂಡಿನ ಲ್ಯಾಂಕಷೈರ್ ಪ್ರಾಂತದ ಸ್ಯಾಲ್‌ಫರ್ಡಿನಲ್ಲಿ. ತಂದೆ ಕಬ್ಬಿಣದ ಕೆಲಸ ಬಲ್ಲವರು. ಬಿಡುವಿನಲ್ಲಿ ಮೆಥಾಡಿಸ್ಟ್ ಪಂಥದ ಉಪದೇಶಕರು. ಹುಡುಗನಿಗೆ ಇಟ್ಟ ಹೆಸರು ಆಲ್‌ಫ್ರೆಡ್. ಬೆಳೆದದ್ದು ಬ್ಲ್ಯಾಕ್‌ಪೂಲ್ ಎಂಬ ಕಡಲತೀರದ ಪಟ್ಟಣದಲ್ಲಿ. ವಿದ್ಯಾರ್ಥಿವೇತನದ ಬಲದಿಂದ ಕೇಂಬ್ರಿಜ್ಜಿನ ಜೀಸಸ್ ಕಾಲೇಜು ಸೇರಿ ಇಂಗ್ಲಿಷ್ ಸಾಹಿತ್ಯ ಓದಿದರು. ಅಲ್ಲಿ ‘ಮಮ್ಮರ್ಸ್’ ಎಂಬ ನಾಟಕ ಮಂಡಲಿಯನ್ನು ಕಟ್ಟುವುದರಲ್ಲಿ ಪಾಲ್ಗೊಂಡರು. ಗಂಡು ಹೆಣ್ಣು ಇಬ್ಬರಿಗೂ ಅದರಲ್ಲಿ ಪ್ರವೇಶವಿತ್ತು. ತಾರುಣ್ಯದಲ್ಲಿ ತಮ್ಮ ಹೆಸರನ್ನು ಆಲಿಸ್ಟೇರ್ ಎಂದು ಕಾನೂನಿನ ಪ್ರಕಾರ ಬದಲಾಯಿಸಿಕೊಂಡರು. ಕಾರ್ಮಿಕ ಮನೆತನದ ಹುಡುಗ ತನಗೆ ಬೇಕಾದ ಪಾತ್ರವನ್ನು ತಾನೇ ಬರೆದುಕೊಳ್ಳಲು ಹೊರಟಿದ್ದನೆಂದು ಇದರಿಂದ ಊಹಿಸಬಹುದು.

1932ರಲ್ಲಿ ಕಾಮನ್‌ವೆಲ್ತ್ ನಿಧಿಯ ವೇತನ ಪಡೆದು ಅವರು ಅಮೆರಿಕಕ್ಕೆ ಹೋದರು. ಮೊದಲು ಯೇಲ್, ಅನಂತರ ಹಾರ್ವರ್ಡ್ ವಿಶ್ವವಿದ್ಯಾನಿಲಯ. ನಾಟಕಕಲೆಯನ್ನು ಅಭ್ಯಸಿಸಬೇಕೆಂಬುದು ಉದ್ದೇಶ. ಆದರೆ ಬೇಸಗೆಯ ರಜೆಯಲ್ಲಿ ಕಾರಿನಲ್ಲಿ ದೇಶ ಸುತ್ತಿದಾಗ, ರಂಗಭೂಮಿಯ ನಾಟಕಕ್ಕಿಂತ ಈ ದೇಶದ ಜನಜೀವನವೇ ಹೆಚ್ಚಿನ ನಾಟಕವೆಂದು ಅವರಿಗೆ ಅನ್ನಿಸಿತು. ಆರ್ಥಿಕ ಮುಗ್ಗಟ್ಟಿನಿಂದ ತತ್ತರಿಸಿದ್ದ ದೇಶ ಅದು. ರೂಸ್‌ವೆಲ್ಟರು ಅಧ್ಯಕ್ಷರಾಗಿ ಬಂದ ಕಾಲ. ಅಂದು ಕಂಡ ಅಮೆರಿಕ ಅವರ ಮನಸ್ಸಿನಲ್ಲಿ ಕೊನೆಯವರೆಗೂ ನಿಂತಿತು.

ಬಾನುಲಿಗೆ ಅವರು ಬಂದದ್ದು ಒಂದು ಸ್ವಾರಸ್ಯವಾದ ಕಥೆ. ಬಿ. ಬಿ. ಸಿ.ಯಲ್ಲಿ ಚಲಚ್ಚಿತ್ರ ವಿಮರ್ಶೆ ಮಾಡುತ್ತಿದ್ದ, ಬ್ರಿಟನ್ನಿನ ಪ್ರಸಿದ್ಧ ರಾಜಕಾರಣಿ ಬಾಲ್ಡ್‌ವಿನ್ನರ ಮಗ ಆ ಕೆಲಸದಿಂದ ಹೋದರೆಂಬ ಸುದ್ದಿ ಬಾಸ್ಟನ್ನಿನ ಪತ್ರಿಕೆಯಲ್ಲಿ ಅವರ ಕಣ್ಣಿಗೆ ಬಿತ್ತು. ಕೂಡಲೇ ಲಂಡನ್ನಿಗೆ ತಂತಿ ಕಳುಹಿಸಿದರು. ಸಂದರ್ಶನಕ್ಕೆ ಕರೆ ಬಂದಿತು. ಹಡಗಿನಲ್ಲಿ ಹೊರಟು ಒಂದು ದಿನ ತಡವಾಗಿ ಹೋಗಿ ನಿಂತರು! ಅಲ್ಲಿಯೇ ಒಂದು ಬೆರಳಚ್ಚು ಯಂತ್ರ ಕೇಳಿ, ಕುಳಿತು ವಿಮರ್ಶೆಯೊಂದನ್ನು ಬರೆದುಕೊಟ್ಟು ಕೆಲಸ ಗಿಟ್ಟಿಸಿದರು. ಇದು 1934ರ ಮಾತು. ಆಗ ಅವರಿಗೆ 25 ವರ್ಷ.

ಅನಂತರ ಅಮೆರಿಕದ ಎನ್. ಬಿ. ಸಿ. ಸಂಸ್ಥೆಗಾಗಿ ‘ಲಂಡನ್ ಲೆಟರ್’ ಎಂಬ ವಾರದ ಭಾಷಣವನ್ನು ನಡೆಸಿದರು. 1936ರ ಡಿಸೆಂಬರಿನಲ್ಲಿ ಎಂಟನೆಯ ಎಡ್ವರ್ಡ್ ದೊರೆ ಪ್ರೇಮಕ್ಕಾಗಿ ಸಿಂಹಾಸನವನ್ನು ತ್ಯಜಿಸಿದಾಗ, ಆ ಸುದ್ದಿಯನ್ನು ಅಮೆರಿಕದ ಜನರಿಗೆ ಹತ್ತು ದಿನ ಬಿಡುವಿಲ್ಲದೆ ವಿವರಿಸಿದವರಲ್ಲಿ ಅವರೂ ಒಬ್ಬರು. ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಮುಂದೆ ಅಮೆರಿಕವನ್ನು ಇಂಗ್ಲೆಂಡಿಗೆ ತಿಳಿಸಿದ ಮನುಷ್ಯ ಮೊದಲು ಇಂಗ್ಲೆಂಡನ್ನು ಅಮೆರಿಕಕ್ಕೆ ತಿಳಿಸಿದವರು. ಹೊಸ್ತಿಲಿನ ಎರಡು ಕಡೆಯೂ ನಿಂತು ನೋಡಿದ ಅನುಭವ ಅವರದು.

1937ರಲ್ಲಿ ಅವರು ಅಮೆರಿಕದಲ್ಲಿಯೇ ನೆಲೆಸಲು ಹೋದರು. 1938ರಿಂದ ನ್ಯೂಯಾರ್ಕಿನ ಜೀವನವನ್ನು ಕುರಿತು ಬಿ. ಬಿ. ಸಿ.ಗೆ ಮಾತಾಡತೊಡಗಿದರು, 1939ರಲ್ಲಿ ಮಹಾಯುದ್ಧ ಬಂದು ಆ ಮಾಲೆ ನಿಂತಿತು. 1941ನೆಯ ಇಸವಿ ಡಿಸೆಂಬರ್ 1ರಂದು ಅಮೆರಿಕದ ಪೌರತ್ವ ಸ್ವೀಕರಿಸಿದರು. ಆರು ದಿನ ಕಳೆಯುವಷ್ಟರಲ್ಲಿ ಜಪಾನು ಪರ್ಲ್ ಹಾರ್ಬರಿನ ಮೇಲೆ ಬಾಂಬು ಹಾಕಿತು. ಲಂಡನ್ ಬಾಂಬಿನ ಬೆಂಕಿಯಲ್ಲಿ ಬೆಂದ ಕಾಲದಲ್ಲಿ ಹುಟ್ಟಿದ ನಾಡನ್ನು ಬಿಟ್ಟರಲ್ಲ ಎಂದು ಅವರ ಮೇಲೆ ಬೇಸರಪಟ್ಟವರು ಇಂಗ್ಲೆಂಡಿನಲ್ಲಿ ಇದ್ದರು. ಆ ಬೇಸರಕ್ಕೆ ಅವರು ವಾದ ಹೂಡಿ ಉತ್ತರ ಕೊಟ್ಟರೋ ಇಲ್ಲವೋ, ವಾರವಾರವೂ ಕಳುಹಿಸಿದ ಓಲೆಗಳೇ ಅದಕ್ಕೆ ಉತ್ತರವಾದವೆಂದು ನನಗೆ ತೋರುತ್ತದೆ.

ಯುದ್ಧ ಮುಗಿದಾಗ ಎರಡು ದೇಶಗಳ ನಡುವೆ ಗೆಳೆತನವಿದ್ದಂತೆ ಮುನಿಸೂ ಇತ್ತು. ಇಂಗ್ಲೆಂಡು ಗೆದ್ದಿತ್ತು, ಆದರೆ ಬರಿಗೈಯಾಗಿತ್ತು. ಅಮೆರಿಕದಿಂದ 375 ಕೋಟಿ ಡಾಲರುಗಳ ಸಾಲದ ಒಪ್ಪಂದಕ್ಕೆ 1945ರ ಡಿಸೆಂಬರಿನಲ್ಲಿ ರುಜು ಹಾಕಬೇಕಾಯಿತು. ಯುದ್ಧಕಾಲದಲ್ಲಿ ಪಡಿತರವಿಲ್ಲದಿದ್ದ ಬ್ರೆಡ್ಡಿಗೆ 1946ರ ಜುಲೈಯಲ್ಲಿ ಪಡಿತರ ಬಂದಿತು. ಪಡಿತರವೆಂಬುದು ಪೂರ್ತಿ ತೊಲಗಲು 1954 ಬರಬೇಕಾಯಿತು. ಸಾಲ ಕೊಟ್ಟವನಿಗೂ ತೆಗೆದುಕೊಂಡವನಿಗೂ ನಡುವೆ ಮಾತು ಎಷ್ಟು ಸೂಕ್ಷ್ಮವಾಗಿರಬೇಕೆಂಬುದನ್ನು ಸಂಸಾರಿಗಳಿಗೆ ವಿವರಿಸಬೇಕಾಗಿಲ್ಲ. ಇಂಥ ಹೊತ್ತಿನಲ್ಲಿ, 1946ನೆಯ ಇಸವಿ ಮಾರ್ಚಿ 24ರಂದು ಕುಕ್ ಅವರ ಮೊದಲ ಓಲೆ ಬಿತ್ತರವಾಯಿತು. ಹೆಸರು ‘ಅಮೆರಿಕನ್ ಲೆಟರ್’. ಡಾಲರು ದುರ್ಲಭವಾಗಿದ್ದ ಕಾಲವಾದ್ದರಿಂದ ಬಿ. ಬಿ. ಸಿ. ಒಪ್ಪಿದ್ದು 13 ವಾರಗಳಿಗೆ ಮಾತ್ರ.

ಆ ಮೊದಲ ಓಲೆಯ ವಿಷಯ ರಾಜಕೀಯವಲ್ಲ, ಒಂದು ಹಡಗಿನ ಪ್ರಯಾಣ. ಇಂಗ್ಲೆಂಡಿಗೆ ಬಂದಿದ್ದ ಕುಕ್ ಅವರು ‘ಕ್ವೀನ್ ಮೇರಿ’ ಹಡಗಿನಲ್ಲಿ ನ್ಯೂಯಾರ್ಕಿಗೆ ಹಿಂದಿರುಗಿದ್ದರು. ಅಮೆರಿಕದ ಸೈನಿಕರನ್ನು ವಿವಾಹವಾಗಿ, ಕಂಡರಿಯದ ದೇಶಕ್ಕೆ ಸಂಸಾರ ಹೂಡಲು ಹೊರಟಿದ್ದ ಇಂಗ್ಲೆಂಡಿನ ಹೆಣ್ಣುಮಕ್ಕಳು ಆ ಹಡಗನ್ನು ತುಂಬಿದ್ದರು. ಮಹಾಯುದ್ಧದ ಕಥೆಯನ್ನು ಸೇನಾಪತಿಗಳಿಂದ ಆರಂಭಿಸದೆ ತವರು ಬಿಟ್ಟ ಹುಡುಗಿಯರಿಂದ ಆರಂಭಿಸಿದರು!

ನಮ್ಮ ಕಡೆ ದೂರದೇಶಕ್ಕೆ ಕೊಟ್ಟ ಹೆಣ್ಣುಮಗಳು ತವರಿಗೆ ಬರೆಯುವ ಕಾಗದವನ್ನು ಓದಿ ಬಲ್ಲವರಿಗೆ ಕುಕ್ ಅವರ ಧೋರಣೆ ಬೇಗ ಅರ್ಥವಾಗುತ್ತದೆ. ಅತ್ತೆಯ ಮನೆಯನ್ನು ಹಳಿದರೆ ತವರಿನವರು ಕೊರಗುತ್ತಾರೆ. ಅತಿಯಾಗಿ ಹೊಗಳಿದರೆ ನಮ್ಮನ್ನು ಮರೆತಳೆಂದು ನೊಂದುಕೊಳ್ಳುತ್ತಾರೆ. ಆಕೆ ಸುಳ್ಳು ಹೇಳಲಾರಳು, ಎಲ್ಲವನ್ನೂ ಹೇಳಲೂ ಆರಳು. ಆದ್ದರಿಂದ ಹಿತ್ತಿಲಿನ ಗಿಡ, ಹಬ್ಬದ ಅಡುಗೆ, ನೆರೆಮನೆಯ ಮಗು, ಇವುಗಳ ಮೂಲಕ ತನ್ನ ಬಾಳನ್ನು ತಿಳಿಸುತ್ತಾಳೆ. ಕುಕ್ ಅವರು ಎರಡು ದೇಶಗಳ ನಡುವೆ ಮಾಡಿದ್ದು ಇದನ್ನೇ. ನ್ಯೂ ಇಂಗ್ಲೆಂಡ್ ಸೀಮೆಯಲ್ಲಿ ಶರತ್ಕಾಲದ ಎಲೆಗಳು ಕೆಂಪಾಗುವ ಬಗೆ, ನ್ಯೂಯಾರ್ಕಿನ ಬೇಸಗೆಯ ಸೆಕೆ, ಕೃತಜ್ಞತಾ ದಿನದ ಹಬ್ಬದೂಟ, ಜಾಝ್ ಸಂಗೀತ, ತಮ್ಮ ನಡುವಯಸ್ಸಿನ ಗೀಳಾದ ಗಾಲ್ಫ್ ಆಟ, ಹೀಗೆ ಮನೆಮಾತಿನಿಂದ ತೊಡಗುವರು. ಕೇಳುವವರಿಗೆ ಗೊತ್ತಾಗುವ ಮೊದಲೇ ಅಧ್ಯಕ್ಷರ ಚುನಾವಣೆಗೋ ಸರ್ವೋಚ್ಚ ನ್ಯಾಯಾಲಯದ ತೀರ್ಪಿಗೋ ಬಂದು ನಿಲ್ಲುವರು.

13 ವಾರಗಳ ಗಡುವು ಮುಗಿಯಿತು, ಓಲೆ ನಿಲ್ಲಲಿಲ್ಲ. 1950ರಲ್ಲಿ ಮಾಲೆಯ ಹೆಸರು ‘ಲೆಟರ್ ಫ್ರಂ ಅಮೆರಿಕ’ ಎಂದಾಯಿತು. ಅದು ಬಿತ್ತರವಾಗುತ್ತಿದ್ದ ‘ಹೋಂ ಸರ್ವೀಸ್’ 1967ರಲ್ಲಿ ‘ರೇಡಿಯೋ 4’ ಆಯಿತು. ಓಲೆ ಹಾಗೆಯೇ ಇತ್ತು. ಬಿ. ಬಿ. ಸಿ.ಯ ವಿದೇಶ ಪ್ರಸಾರದಲ್ಲಿ ಅದು ಭೂಮಂಡಲವನ್ನೆಲ್ಲ ಸುತ್ತುತ್ತಿತ್ತು. ನಮ್ಮ ಪಡಸಾಲೆಯ ಗೂಡಿಗೆ ಬಂದದ್ದೂ ಆ ದಾರಿಯಿಂದಲೇ. ಟ್ರೂಮನ್ನರಿಂದ ಹಿಡಿದು ಕಿರಿಯ ಬುಷ್ಷರವರೆಗೆ 11 ಮಂದಿ ಅಧ್ಯಕ್ಷರು ಆ ಓಲೆಗಳಲ್ಲಿ ಬಂದು ಹೋದರು.

ಈ ನಡುವೆ ಅವರು ‘ಮ್ಯಾಂಚೆಸ್ಟರ್ ಗಾರ್ಡಿಯನ್’ ಪತ್ರಿಕೆಯ ಅಮೆರಿಕದ ಬಾತ್ಮೀದಾರರಾಗಿ 1972ರವರೆಗೆ ದುಡಿದರು. ಆ ವರ್ಷವೇ ಅಮೆರಿಕದ ಚರಿತ್ರೆಯನ್ನು ದೂರದರ್ಶನದಲ್ಲಿ ನಿರೂಪಿಸಿದರು. ಅದರ ಭಾಗಗಳೂ 13 ಎಂಬುದು ಒಂದು ಸೋಜಿಗ. 1973ರಲ್ಲಿ ಬ್ರಿಟನ್ ಅವರಿಗೆ ಗೌರವ ನೈಟ್ ಪದವಿಯನ್ನಿತ್ತಿತು. ಅಮೆರಿಕದ ಪ್ರಜೆಯಾದ್ದರಿಂದ ಹೆಸರಿನ ಹಿಂದೆ ‘ಸರ್’ ಸೇರಲಿಲ್ಲ. 1974ರಲ್ಲಿ, ಮೊದಲ ಕಾಂಟಿನೆಂಟಲ್ ಕಾಂಗ್ರೆಸ್ಸಿನ 200ನೆಯ ವರ್ಷದ ಸಂದರ್ಭದಲ್ಲಿ, ಅಮೆರಿಕದ ಶಾಸನಸಭೆಯ ಮುಂದೆ ಮಾತಾಡುವ ಗೌರವ ಅವರಿಗೆ ದೊರೆಯಿತು. ಇಷ್ಟೆಲ್ಲ ಕೀರ್ತಿಯ ನಡುವೆಯೂ ವಾರದ ಓಲೆಗೆ ಚ್ಯುತಿ ಬರಲು ಬಿಡಲಿಲ್ಲ.

ಅವರ ಬರವಣಿಗೆಯ ಕ್ರಮವನ್ನು ಭಾಷಾಭ್ಯಾಸಿಗಳು ಗಮನಿಸಬೇಕು. ಮೊದಲೇ ಟಿಪ್ಪಣಿ ಹಾಕಿಕೊಂಡು, ಪೀಠಿಕೆ, ವಿಷಯ, ಉಪಸಂಹಾರ ಎಂದು ಕಟ್ಟುತ್ತಿರಲಿಲ್ಲ. ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕಿಗೆ ಎದುರಾದ ತಮ್ಮ ಮನೆಯಲ್ಲಿ ಬೆರಳಚ್ಚು ಯಂತ್ರದ ಮುಂದೆ ಕುಳಿತು, ಆ ವಾರ ಮನಸ್ಸಿಗೆ ಅಂಟಿದ ಒಂದು ಸಣ್ಣ ಸಂಗತಿಯಿಂದ ತೊಡಗಿ, ಅದು ಕರೆದುಕೊಂಡು ಹೋದ ಕಡೆಗೆ ಹೋಗುತ್ತಿದ್ದರು. ಬರೆದದ್ದನ್ನು ಓದುತ್ತಿದ್ದರೂ ಓದಿದಂತೆ ಕೇಳಿಸಬಾರದು. ಆದ್ದರಿಂದ ಬರೆಯುವಾಗಲೇ ಬಾಯಿಯ ಮಾತಿಗೆ ಬರೆಯಬೇಕು. ವಾಕ್ಯ ಒಮ್ಮೆ ತಡೆಯಬೇಕು, ಒಮ್ಮೆ ಹಿಂದಿರುಗಿ ನೋಡಬೇಕು, ಒಮ್ಮೆ ದಾರಿ ತಪ್ಪಿದಂತೆ ನಟಿಸಬೇಕು. ಸಾವಿರಾರು ಜನರನ್ನು ನೆನೆದು ಮಾತಾಡಿದರೆ ಧ್ವನಿ ತಾನಾಗಿ ಸಭೆಯ ಧ್ವನಿಯಾಗುತ್ತದೆ. ಒಬ್ಬಿಬ್ಬರು ಗೆಳೆಯರನ್ನು ನೆನೆದರೆ ಸಾವಿರಾರು ಮನೆಗಳಲ್ಲಿ ಅದು ಗೆಳೆಯನ ಧ್ವನಿಯಾಗುತ್ತದೆ.

ಈ ಪಾಠವನ್ನು ನಾನು ಕಲಿತದ್ದು ತಡವಾಗಿ. ಮೊದಲ ಸಲ ಬಾನುಲಿ ನಿಲಯಕ್ಕೆ ಭಾಷಣ ಓದಲು ಹೋದಾಗ, ಪಂಡಿತ ಪರೀಕ್ಷೆಯಲ್ಲಿ ತೇರ್ಗಡೆಯಾದ ಹುರುಪಿನಿಂದ, ಸಮಾಸಗಳ ಗಂಟನ್ನೇ ಹೊತ್ತು ಹೋಗಿದ್ದೆ. ಎರಡು ಪುಟ ಓದುವಷ್ಟರಲ್ಲಿ ಅಲ್ಲಿದ್ದ ಅಧಿಕಾರಿಗಳು ಕೈಯೆತ್ತಿ ನಿಲ್ಲಿಸಿ ಹೇಳಿದರು: “ಮೇಷ್ಟ್ರೇ, ತರಗತಿಯಲ್ಲಿ ನಿಮ್ಮೆದುರು 50 ಹುಡುಗರಿರುತ್ತಾರೆ. ಇಲ್ಲಿರುವುದು ಒಬ್ಬರೇ. ಅವರೂ ಕೈಕಟ್ಟಿ ಕೂತಿಲ್ಲ, ಮೊರದಲ್ಲಿ ಅಕ್ಕಿ ಆರಿಸುತ್ತಿದ್ದಾರೆ.” ಅಂದು ನಾಚಿಕೆಯಾಯಿತು. ಆದರೆ ಮನೆಗೆ ಬರುವಾಗ ದಾರಿಯಲ್ಲಿ ನೆನಪಾದದ್ದು ಮಾವನ ರೇಡಿಯೋದಲ್ಲಿ ಕೇಳಿದ ಆ ವೃದ್ಧರ ಧ್ವನಿ. ಅರ್ಥವಾಗದ ಭಾಷೆಯಲ್ಲಿಯೂ ನನಗೆ ಅರ್ಥವಾಗಿದ್ದ ಸಂಗತಿ ಇದೇ ಅಲ್ಲವೆ?

ಮಾತು ಮೃದುವಾಗಿದ್ದರೂ ಅವರು ಕಂಡದ್ದೆಲ್ಲ ಮೃದುವಾಗಿರಲಿಲ್ಲ. 1968ನೆಯ ಇಸವಿ ಜೂನ್ 5, ನಡುರಾತ್ರಿ ಕಳೆದ ಹೊತ್ತು. ಲಾಸ್ ಏಂಜಲೀಸಿನ ಅಂಬಾಸಡರ್ ಹೋಟೆಲಿನಲ್ಲಿ ರಾಬರ್ಟ್ ಕೆನೆಡಿಯವರು ಕ್ಯಾಲಿಫೋರ್ನಿಯದ ಚುನಾವಣೆಯಲ್ಲಿ ಗೆದ್ದ ಸಂತೋಷದಲ್ಲಿ ಮಾತಾಡಿ, ಅಡುಗೆಯ ಉಗ್ರಾಣದ ಹಾದಿಯಲ್ಲಿ ಹೊರಟಾಗ ಗುಂಡಿಗೆ ಬಲಿಯಾದರು. ಕುಕ್ ಅವರು ಪಕ್ಕದಲ್ಲಿಯೇ ಇದ್ದರು. ನೆಲದ ಮೇಲೆ ಬಿದ್ದವರನ್ನು ಕಣ್ಣಾರೆ ಕಂಡರು. ಎರಡು ತಿಂಗಳ ಹಿಂದೆಯಷ್ಟೇ, ಏಪ್ರಿಲ್ 4ರಂದು, ಮಾರ್ಟಿನ್ ಲೂಥರ್ ಕಿಂಗರ ಕೊಲೆಯಾಗಿತ್ತು. ಅಮೆರಿಕವೆಲ್ಲ ಪಾಪಿ, ಇಡೀ ರಾಷ್ಟ್ರವೇ ಈ ಕೊಲೆಗೆ ಹೊಣೆ ಎಂದು ಎಲ್ಲೆಲ್ಲೂ ಕೂಗೆದ್ದಿತು. ಆ ವಾರದ ಓಲೆಯಲ್ಲಿ ಕುಕ್ ಅವರು ತಾವು ಕಂಡದ್ದನ್ನು ಕಂಡಂತೆ ಹೇಳಿ, ಸಾಮೂಹಿಕ ಅಪರಾಧವೆಂಬ ಆ ಮಾತನ್ನು ತಾವು ಒಪ್ಪುವುದಿಲ್ಲವೆಂದು ಖಡಾಖಂಡಿತವಾಗಿ ತಿಳಿಸಿದರು. ಕಣ್ಣೆದುರು ರಕ್ತ ಕಂಡವನಿಗೆ ಆವೇಶದ ಮಾತು ಸುಲಭ. ವಿವೇಕದ ಮಾತು ಕಷ್ಟ. ಮೈಕಿನ ಮುಂದೆ ಕುಳಿತವನ ಹೊಣೆ ಎಷ್ಟು ದೊಡ್ಡದೆಂಬುದು ಇಂಥ ಘಳಿಗೆಯಲ್ಲಿ ತಿಳಿಯುತ್ತದೆ.

ಗುಣವನ್ನು ಹೇಳಿದಂತೆ ಕೊರತೆಯನ್ನೂ ಹೇಳಬೇಕು. ಸಿರಿವಂತರ ಬೀದಿಯಾದ ಫಿಫ್ತ್ ಅವೆನ್ಯೂವಿನ ಕಿಟಕಿಯಿಂದ ಕಾಣುವ ಅಮೆರಿಕವೇ ಬೇರೆ, ಬಡವರ ಕೇರಿಯಿಂದ ಕಾಣುವ ಅಮೆರಿಕವೇ ಬೇರೆ. ನೀಗ್ರೋ ಜನರೆಂದು ಆಗ ಕರೆಯುತ್ತಿದ್ದ ಕಪ್ಪು ಜನಾಂಗದವರ ನೋವು, ವಿಯೆಟ್ನಾಮ್ ಯುದ್ಧದಿಂದ ಕೆರಳಿದ ತರುಣರ ಕೋಪ, ಇವುಗಳ ಉರಿ ಅವರ ಸಮಾಧಾನದ ಧ್ವನಿಯಲ್ಲಿ ಆರಿದಂತೆ ಕೇಳಿಸುತ್ತಿತ್ತೆಂಬ ಆಕ್ಷೇಪದಲ್ಲಿ ಹುರುಳಿಲ್ಲದಿಲ್ಲ. ಮನೆಗೆ ಬರೆಯುವ ಕಾಗದದಲ್ಲಿ ಕೆಲವು ಸಂಗತಿಗಳನ್ನು ತೇಲಿಸಿ ಹೇಳುವುದು ತವರಿನ ಮೇಲಣ ಪ್ರೀತಿಯೂ ಹೌದು, ಆ ಕಾಗದದ ಮಿತಿಯೂ ಹೌದು. ಅವರನ್ನು ಓದುವವರು, ಕೇಳುವವರು ಎರಡನ್ನೂ ನೆನಪಿನಲ್ಲಿಡಬೇಕು.

2001ರ ಸೆಪ್ಟೆಂಬರಿನಲ್ಲಿ ನ್ಯೂಯಾರ್ಕಿನ ಜೋಡಿ ಗೋಪುರಗಳು ಉರುಳಿದಾಗ ಅವರಿಗೆ 92 ವರ್ಷ. ಆಗಲೂ ಓಲೆ ಬರೆದರು. 2004ನೆಯ ಇಸವಿ ಫೆಬ್ರವರಿ 20ರಂದು ಕೊನೆಯ ಓಲೆ ಬಿತ್ತರವಾಯಿತು, ಅದು 2869ನೆಯದು. ಮಾರ್ಚಿ 2ರಂದು, ವೈದ್ಯರ ಸಲಹೆಯಂತೆ ಅವರು ನಿವೃತ್ತರಾಗುವರೆಂದು ಪ್ರಕಟವಾಯಿತು. ಮಾರ್ಚಿ 30ರಂದು ನ್ಯೂಯಾರ್ಕಿನ ಮನೆಯಲ್ಲಿ ತೀರಿಕೊಂಡರು. ಓಲೆ ನಿಂತ ಮೇಲೆ ಓಲೆಗಾರರು ಆರು ವಾರವೂ ಉಳಿಯಲಿಲ್ಲ. ಒಬ್ಬರೇ ನಡೆಸಿದ ಬಾನುಲಿ ಭಾಷಣಮಾಲೆಗಳಲ್ಲಿ ಇದು ಜಗತ್ತಿನಲ್ಲಿಯೇ ಅತಿ ದೀರ್ಘವಾದುದೆಂದು ಪ್ರಸಿದ್ಧಿ. ಒಂದೊಂದಕ್ಕೆ 15 ನಿಮಿಷವೆಂದು ಲೆಕ್ಕ ಹಾಕಿದರೆ, ಎಲ್ಲವನ್ನೂ ಹಗಲಿರುಳು ಬಿಡದೆ ಕೇಳಿದರೂ 30 ದಿನ ಬೇಕು.

ಆದರೆ ಎಲ್ಲವನ್ನೂ ಕೇಳುವ ಭಾಗ್ಯ ಯಾರಿಗೂ ಇಲ್ಲ. ಬರೆದ ಪ್ರತಿಗಳು ಬಾಸ್ಟನ್ ವಿಶ್ವವಿದ್ಯಾನಿಲಯದ ಸಂಗ್ರಹದಲ್ಲಿವೆ. ಧ್ವನಿಯಾದರೋ ಎಲ್ಲವೂ ಉಳಿದಿಲ್ಲ. ಆ ಕಾಲದಲ್ಲಿ ಧ್ವನಿಸುರುಳಿ ದುಬಾರಿ. ಒಂದರ ಮೇಲೊಂದು ಮುದ್ರಿಸುವುದು ಬಾನುಲಿಯ ವಾಡಿಕೆ. 2012ರಲ್ಲಿ ಬಿ. ಬಿ. ಸಿ. ತನ್ನಲ್ಲಿದ್ದ 900ಕ್ಕೂ ಹೆಚ್ಚು ಓಲೆಗಳ ಧ್ವನಿಯನ್ನು ಅಂತರಜಾಲದಲ್ಲಿ ಸಾರ್ವಜನಿಕರಿಗೆ ತೆರೆದಿಟ್ಟಿತು. ಆಮೇಲೆ, 2014ರಲ್ಲಿ, ಇನ್ನೂ 600ಕ್ಕೂ ಹೆಚ್ಚು ಓಲೆಗಳು ದೊರೆತವು. ಎಲ್ಲಿಂದ? ಇಬ್ಬರು ಸಾಮಾನ್ಯ ಶ್ರೋತೃಗಳ ಮನೆಯಿಂದ! ಅವರು ತಮ್ಮ ಸಂತೋಷಕ್ಕಾಗಿ ವಾರವಾರವೂ ರೇಡಿಯೋದಿಂದ ಕ್ಯಾಸೆಟ್ಟಿಗೆ ಮುದ್ರಿಸಿಕೊಂಡು ಜೋಪಾನ ಮಾಡಿದ್ದರು. ಅಷ್ಟು ದೊಡ್ಡ ಸಂಸ್ಥೆ ಕಾಪಾಡದೆ ಹೋದದ್ದನ್ನು ಕೇಳುವವರು ಕಾಪಾಡಿದರು.

ಈ ಸುದ್ದಿಯನ್ನು ಓದಿದ ದಿನ ನನಗೆ ಸುಮ್ಮನಿರಲಾಗಲಿಲ್ಲ. ನಾನು ಕಾಲೇಜು ಸೇರಿದ ವರ್ಷ ಮಾವನವರು ಒಂದು ಟೇಪ್ ರೆಕಾರ್ಡರು ಕೊಂಡಿದ್ದರು. ಪರೀಕ್ಷಿಸಿ ನೋಡುವುದಕ್ಕೆಂದು, ಹಿಂದಿನ ರಾತ್ರಿ ಕೇಳಿದ ಕುಕ್ ಅವರ ಓಲೆಯನ್ನು ಎಂದಿನಂತೆ ಕನ್ನಡದಲ್ಲಿ ನಮಗೆ ಹೇಳುತ್ತ ಅದರಲ್ಲಿ ಮುದ್ರಿಸಿದರು. ನಡುವೆ ನಮ್ಮ ಅತ್ತೆ ಕಾಫಿಗೆ ಕರೆದದ್ದೂ, ಅವರು “ಬಂದೆ, ಅಮೆರಿಕ ಮುಗಿಯಲಿ” ಎಂದದ್ದೂ ಅದರಲ್ಲಿತ್ತು. ತಿಂಗಳೊಪ್ಪತ್ತಿನಲ್ಲಿ ನಾನೇ ಆ ಕ್ಯಾಸೆಟ್ಟಿನ ಮೇಲೆ ಚಿತ್ರಗೀತೆಗಳನ್ನು ಮುದ್ರಿಸಿಕೊಂಡೆ. ಮಾವನವರು ಬಯ್ಯಲಿಲ್ಲ. “ಹೋಗಲಿ ಬಿಡೋ, ಇನ್ನೊಂದು ವಾರ ಹೇಳಿದರಾಯಿತು” ಎಂದರು. ಆ ಇನ್ನೊಂದು ವಾರ ಬರಲಿಲ್ಲ. ಅವರ ಧ್ವನಿ ಈಗ ನಮ್ಮ ಮನೆತನದಲ್ಲಿ ಯಾರಲ್ಲಿಯೂ ಇಲ್ಲ.

ರೇಡಿಯೋ ಇರುವ ಮನೆಗಳಲ್ಲಿ ಇಂಥ ಪೆಟ್ಟಿಗೆಗಳು ಅಟ್ಟದ ಮೇಲೆ ಇನ್ನೂ ಇದ್ದಾವು: ಎಂದೋ ಬಿತ್ತರವಾದ ಒಂದು ಕೀರ್ತನೆ, ಒಂದು ನಾಟಕ, ಒಬ್ಬ ಹಿರಿಯರ ಭಾಷಣ, ಅದರ ನಡುವೆ ಮನೆಯವರ ಒಂದು ಮಾತು. ಧೂಳು ಹಿಡಿದಿದೆಯೆಂದು ಎಸೆಯುವ ಮೊದಲು ಒಮ್ಮೆ ಹಾಕಿ ಕೇಳಿ. ನಮ್ಮ ಮಾವನ ಕ್ಯಾಸೆಟ್ಟಂತೂ ಇನ್ನು ಸಿಗುವುದಿಲ್ಲ; ನಿಮ್ಮದು ಸಿಕ್ಕೀತು.